ಬಿದ್ದಾಗ ಕಾಲು ಬಿಡೋ ಬೈಂಡಿಂಗ್ ಯಾವುದು?

ವಾಟರ್ ಸ್ಕೀಯಿಂಗ್ ಮಾಡ್ತೀನಿ ಅಂದ ಕೂಡಲೇ ನಮ್ಮ ಕಡೆಯವರು ಕೇಳೋ ಮೊದಲ ಪ್ರಶ್ನೆ, "ಈಜು ಬರುತ್ತಾ?" ಎರಡನೇದು, "ಲೈಫ್ ಜಾಕೆಟ್ ಹಾಕ್ಕೋತೀಯಲ್ಲ?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನಿರೋ ಮಿನೆಸೋಟಾದಲ್ಲಿ, ಬೇಸಿಗೆ ಬಂತಂದ್ರೆ ಬೋಟ್ ಇಳಿಸೋ ಹಳಬರು ಹೊಸಬರನ್ನು ಕೇಳೋದು ಇನ್ನೊಂದು: "ಬಿದ್ದಾಗ ನಿನ್ನ ಕಾಲು ಸ್ಕೀಯಿಂದ ಹೇಗೆ ಹೊರಗೆ ಬರುತ್ತೆ?"

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಒಂಟಿ ಸ್ಕೀ ಹತ್ತೋಕೆ ಹೊರಟವರು ತುಂಬ ಜನ. ಈ ವರ್ಷ ಆ ಸಾಲಿನಲ್ಲಿ ನನ್ನ ತಮ್ಮನೂ ಇದ್ದ. ಷಿಕಾಗೋದಲ್ಲಿ ಎಂ.ಎಸ್. ಮಾಡ್ತಿದ್ದಾನೆ, ರಜೆಗೆ ನನ್ನ ಹತ್ತಿರ ಬರ್ತಾನೆ. ಎರಡು ಸ್ಕೀ ಮೇಲೆ ನಿಲ್ಲೋದು ಹೋದ ವರ್ಷವೇ ಕಲಿತಿದ್ದ. ಈ ಸಲ ಒಂದೇ ಸ್ಕೀ ಮೇಲೆ ಎರಡೂ ಕಾಲು ಒಂದರ ಹಿಂದೊಂದು ಇಟ್ಟು ಹೋಗೋ 'ಸ್ಲಾಲಂ' ಕಲಿಯಬೇಕು ಅಂತ ಹಟ. ಏಪ್ರಿಲ್‌ನಲ್ಲೇ ಸೆಕೆಂಡ್‌ಹ್ಯಾಂಡ್ ಸ್ಕೀಯ ಫೋಟೋ ಕಳಿಸಿದ. ಮುಂದಿನ ಕಾಲಿಗೆ ಗಟ್ಟಿ ಪ್ಲಾಸ್ಟಿಕ್ ಬೂಟು, ಹಿಂದಿನದಕ್ಕೆ ಹಳೇ ರಬ್ಬರ್ ಬೂಟು. "ಅಣ್ಣಾ, ಬಾರ್ಗೇನ್!" ಅಂತ ಕೆಳಗೆ ಮೂರು ಬೆಂಕಿ ಎಮೋಜಿ.

ಅದನ್ನ ಯಾಕೆ ಬೇಡ ಅಂದೆ, ಬದಲಿಗೆ ಏನು ತಗೊಂಡ್ವಿ ಅನ್ನೋದನ್ನ ಹೇಳೋದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಆಟ ಹುಟ್ಟಿದ್ದೇ ಇಲ್ಲಿ. ಮಿಸಿಸಿಪ್ಪಿ ನದಿ ಮಿನೆಸೋಟಾದ ಅಂಚಿನಲ್ಲಿ ಅಗಲವಾಗಿ ಹರಡಿಕೊಂಡು ಲೇಕ್ ಪೆಪಿನ್ ಅನ್ನೋ ಸರೋವರ ಆಗಿದೆ. ಅದರ ದಂಡೆಯ ಲೇಕ್ ಸಿಟಿ ಎಂಬ ಸಣ್ಣ ಊರಲ್ಲಿ 1922ರ ಬೇಸಿಗೆಯಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ ಹುಡುಗ ಬೋಟಿನ ಹಿಂದೆ ನೀರಿನ ಮೇಲೆ ನಿಂತ. ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಆಗಲಿಲ್ಲ. ಹಿಮದ ಸ್ಕೀ ಕಟ್ಟಿಕೊಂಡು ನೋಡಿದ, ಅದೂ ಆಗಲಿಲ್ಲ. ಕೊನೆಗೆ ಸುಮಾರು ಎಂಟು ಅಡಿ ಉದ್ದದ ಪೈನ್ ಹಲಗೆ ತಂದು, ತುದಿಯನ್ನ ಕುದಿಯೋ ನೀರಲ್ಲಿ ಬೇಯಿಸಿ ಮೇಲಕ್ಕೆ ಬಗ್ಗಿಸಿದ. ಕಾಲಿಗೆ? ಒಂದು ಚರ್ಮದ ಪಟ್ಟಿ, ಅಷ್ಟೇ. ನಮ್ಮ ಹವಾಯಿ ಚಪ್ಪಲಿಗೆ ಇರೋಷ್ಟು ಹಿಡಿತ. ಬಿದ್ದರೆ ಕಾಲು ತಾನೇ ಜಾರಿ ಹೊರಗೆ ಬರ್ತಿತ್ತು. 'ರಿಲೀಸ್' ಅನ್ನೋ ಸಮಸ್ಯೆ ಅವನಿಗೆ ಇರಲೇ ಇಲ್ಲ ಅನ್ನಬಹುದು. ಹಿಡಿತದ ಸಮಸ್ಯೆ ಮಾತ್ರ ಇತ್ತು.

ಆಮೇಲೆ ಹಿಡಿತ ಹೆಚ್ಚುತ್ತಾ ಹೋಯ್ತು. ಚರ್ಮದ ಪಟ್ಟಿ ಹೋಗಿ ರಬ್ಬರ್ ಬಂತು, ರಬ್ಬರ್ ಮೇಲೆ ಲೇಸು, ಆಮೇಲೆ ರೋಲರ್ ಸ್ಕೇಟಿನ ಬೂಟಿನ ಹಾಗೆ ಗಟ್ಟಿ ಚಿಪ್ಪು. ಕಾರಣ ಸರಳ. ಸ್ಲಾಲಂ ಕೋರ್ಸ್ ಅಂದ್ರೆ 259 ಮೀಟರ್ ಉದ್ದದ ದಾರಿ, ಎಡಕ್ಕೆ ಬಲಕ್ಕೆ ಆರು ಬುಗ್ಗೆಗಳು. ಒಂದೊಂದೂ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ. ಬೋಟ್ ನೇರ ಹೋಗುತ್ತೆ, ಸ್ಕೀ ಮಾಡೋರು ಆರನ್ನೂ ಸುತ್ತಬೇಕು. ದೊಡ್ಡವರ ಸ್ಪರ್ಧೆಗಳಲ್ಲಿ ಬೋಟಿನ ಗರಿಷ್ಠ ವೇಗ ಗಂಡಸರಿಗೆ ಗಂಟೆಗೆ 58 ಕಿ.ಮೀ., ಹೆಂಗಸರಿಗೆ 55. ಅಡ್ಡ ಹಾಯುವಾಗ ಸ್ಕೀ ಮೇಲಿರೋರ ವೇಗ ಬೋಟಿಗಿಂತ ಜಾಸ್ತಿಯೇ ಆಗುತ್ತೆ. ಅಂಥ ಹೊತ್ತಲ್ಲಿ ಪಾದ ಬೂಟಿನೊಳಗೆ ಒಂದು ಬೆರಳಷ್ಟು ಆಡಿದರೂ ಸ್ಕೀ ಹೇಳಿದ ಮಾತು ಕೇಳಲ್ಲ. ಹಾಗಾಗಿ ಆಟಗಾರರು ಹಿಡಿತ ಕೇಳಿದರು, ಕಂಪನಿಗಳು ಕೊಟ್ಟವು.

ಬಿದ್ದಾಗ ಆಗೋದೇನು ನೋಡಿ. ವಾರಾಂತ್ಯಕ್ಕೆ ಖುಷಿಗೆ ಸ್ಕೀ ಮಾಡೋರು ಕೋರ್ಸ್ ಕಡೆ ತಲೆ ಹಾಕದೇ ಇರಬಹುದು, ಬೀಳೋದಂತೂ ಎಲ್ಲರೂ ಬೀಳ್ತಾರೆ. ಗಂಟೆಗೆ 45 ಕಿ.ಮೀ. ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಸ್ಕೀಯ ಮೂತಿ ಅಲೆಯೊಳಗೆ ಚುಚ್ಚಿಕೊಳ್ತು ಅಂದುಕೊಳ್ಳಿ. ಸ್ಕೀ ನಿಲ್ಲುತ್ತೆ, ದೇಹ ನಿಲ್ಲಲ್ಲ. ಇದಕ್ಕೆ ಇಲ್ಲಿಯವರು 'ಮುಂದಕ್ಕೆ ಹಾರೋದು' ಅಂತಾರೆ. ಮುಂದಿನ ಕಾಲಿನಿಂದ ಸ್ಕೀಯ ಮೂತಿಗೆ ಹತ್ತಿರ ಹತ್ತಿರ ಮುಕ್ಕಾಲು ಮೀಟರ್. ಪಂಕ್ಚರ್ ಅಂಗಡಿಯಲ್ಲಿ ಚಕ್ರದ ನಟ್ ಬಿಚ್ಚೋಕೆ ಆಗದಿದ್ದಾಗ ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಒತ್ತುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ಸ್ಕೀಯೇ ಪೈಪು, ನಟ್ ಇರೋ ಜಾಗದಲ್ಲಿ ನಿಮ್ಮ ಕಣಕಾಲು. ಹಿಮ್ಮಡಿ ಮೇಲೆ ಬರೋಕೆ ದಾರಿ ಸಿಕ್ಕರೆ ಕಾಲು ಹೊರಗೆ ಬರುತ್ತೆ. ಸಿಗದಿದ್ದರೆ ಹಿಮ್ಮಡಿ ಹಿಂದಿನ ಅಕಿಲಿಸ್ ಅನ್ನೋ ದಪ್ಪ ನರದಂಥ ಹುರಿ ಇದೆಯಲ್ಲ, ಆ ಎಳೆತ ಅದರ ಮೇಲೆ ಬೀಳುತ್ತೆ. ಅದು ಹರಿದರೆ ಮತ್ತೆ ಓಡಾಡೋಕೆ ತಿಂಗಳುಗಟ್ಟಲೆ ಬೇಕು.

ನಾವು ಹೋಗೋ ಬೋಟ್ ಪಕ್ಕದ ಮನೆಯವರದು. ಅರವತ್ತು ದಾಟಿದ ಹಿರಿಯರು. ಅವರ ಎಡಗಾಲಿನ ಹಿಂಭಾಗದಲ್ಲಿ ಉದ್ದಕ್ಕೊಂದು ಹೊಲಿಗೆ ಗುರುತಿದೆ. ಕೇಳಿದ್ದಕ್ಕೆ ಒಂದೇ ವಾಕ್ಯ ಹೇಳಿದರು: "ಹಿಂದಿನ ಕಾಲು ಬಂತು, ಮುಂದಿನದು ಬರಲಿಲ್ಲ."

ಬೈಂಡಿಂಗ್ ಆರಿಸೋ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡೋದು ಈ ಮಾತನ್ನ. ಎರಡೂ ಕಾಲು ಬರೋದು ಒಳ್ಳೇದು. ಎರಡೂ ಬರದೇ ಇದ್ದರೆ ಕೆಟ್ಟದ್ದೇ, ಆದರೂ ಎಳೆತ ಎರಡು ಕಾಲಿಗೂ ಹಂಚಿಹೋಗುತ್ತೆ. ಒಂದು ಬಂದು ಇನ್ನೊಂದು ಸಿಕ್ಕಿಕೊಂಡರೆ ಇಡೀ ಸ್ಕೀ ಒಂದೇ ಕಾಲಿಗೆ ತಿರುಪಿನ ಹಾಗೆ ಸುತ್ತುತ್ತೆ. ಕಣಕಾಲು, ಮೊಣಕಾಲು ಎರಡಕ್ಕೂ ಅಪಾಯ. ನನ್ನ ತಮ್ಮ ಕಳಿಸಿದ ಫೋಟೋದಲ್ಲಿ ಇದ್ದದ್ದು ಇದೇ ಕಾಯಿಲೆ. ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಜಾತಿ, ಎರಡೂ ಬಿಡೋ ಬಲ ಬೇರೆ ಬೇರೆ. ಯಾರೋ ಎರಡು ಸೆಟ್‌ಗಳಿಂದ ಒಂದೊಂದು ತೆಗೆದು ಜೋಡಿಸಿದ್ದರು.

ಹಾಗಾದ್ರೆ ಸಡಿಲ ಇಟ್ಟುಬಿಟ್ರೆ ಆಯ್ತಲ್ಲ? ಆಗಲ್ಲ. ಕುಕ್ಕರ್‌ನ ಸೇಫ್ಟಿ ವಾಲ್ವ್ ಎರಡನೇ ವಿಷಲ್‌ಗೇ ಹಾರಿಹೋದರೆ ಅನ್ನ ಬೇಯಲ್ಲ. ಜೊತೆಗೆ ಅಡುಗೆಮನೆಯಲ್ಲಿ ನಿಂತೋರ ಮುಖಕ್ಕೂ ಹಾರುತ್ತೆ. ತಿರುವಿನ ನಡುವೆ, ಹಗ್ಗದ ಎಳೆತ ಜೋರಾಗಿರೋ ಕ್ಷಣದಲ್ಲಿ, ಬೀಳದೇ ಇರೋವಾಗಲೇ ಬೈಂಡಿಂಗ್ ಬಿಟ್ಟರೆ ನೀವು ಖಂಡಿತ ಬೀಳ್ತೀರಿ, ಅದೂ ಬಾಗಿದ ಭಂಗಿಯಲ್ಲಿ ಪಕ್ಕಕ್ಕೆ. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಫಾಲ್ಸ್ ಪಾಸಿಟಿವ್ವೂ ಬೇಡ, ಫಾಲ್ಸ್ ನೆಗೆಟಿವ್ವೂ ಬೇಡ. ಆದರೆ ಅಲರ್ಟ್ ಸೆಟ್ ಮಾಡಿದ ಯಾರಿಗಾದ್ರೂ ಗೊತ್ತು, ಒಂದನ್ನ ಕಡಿಮೆ ಮಾಡಿದರೆ ಇನ್ನೊಂದು ಏರುತ್ತೆ.

ಹಿಮದ ಸ್ಕೀಯವರು ಈ ಲೆಕ್ಕವನ್ನ ಎಷ್ಟೋ ಮುಂದೆ ತಗೊಂಡು ಹೋಗಿದ್ದಾರೆ. ಅಲ್ಲಿ ಅಂಗಡಿಗೆ ಹೋದರೆ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಸ್ಕೀ ಮಾಡೋ ರೀತಿ ಇಷ್ಟನ್ನ ಕೇಳಿ, ಕೋಷ್ಟಕ ನೋಡಿ, 'ಡಿನ್' ಅನ್ನೋ ಒಂದು ಸಂಖ್ಯೆಗೆ ಸ್ಕ್ರೂ ತಿರುಗಿಸಿ ಕೊಡ್ತಾರೆ. ಬೆರಳ ಕಡೆ ಪಕ್ಕಕ್ಕೆ ಬಿಡುತ್ತೆ, ಹಿಮ್ಮಡಿ ಕಡೆ ಮೇಲಕ್ಕೆ ಬಿಡುತ್ತೆ. ನೀರಿನ ಸ್ಕೀಯಲ್ಲಿ ಎಲ್ಲ ಕಂಪನಿಗಳೂ ಒಪ್ಪಿದ ಅಂಥ ಕೋಷ್ಟಕ ಇಲ್ಲ. ಹೊಸ ಬೈಂಡಿಂಗ್ ಜೊತೆ ಬರೋ ಎಚ್ಚರಿಕೆ ಚೀಟಿಯನ್ನ ಟರ್ಮ್ಸ್ ಅಂಡ್ ಕಂಡೀಷನ್ಸ್ ಥರ ದಾಟಿಸಬೇಡಿ, ಓದಿ. ಬಿದ್ದಾಗ ಕಾಲು ಬಿಟ್ಟೇ ಬಿಡುತ್ತೆ ಅಂತ ಗ್ಯಾರಂಟಿ ಕೊಡೋದಿಲ್ಲ ಅಂತ ಅಲ್ಲೇ ಬರೆದಿರುತ್ತೆ. ಅಂದರೆ ಆರಿಸೋ ಜವಾಬ್ದಾರಿ ನಮ್ಮ ತಲೆ ಮೇಲೆ.

ಅಂಗಡಿಯಲ್ಲಿ ಕಾಣೋದು ಮುಖ್ಯವಾಗಿ ಇವು. ಮೊದಲನೇದು ಹೊಂದಿಸೋ ರಬ್ಬರ್ ಬೈಂಡಿಂಗ್. ರೆಸಾರ್ಟ್‌ಗಳಲ್ಲಿ ಬಾಡಿಗೆಗೆ ಕೊಡೋ ಜೋಡಿ ಸ್ಕೀಗಳಲ್ಲಿ ಸಾಮಾನ್ಯವಾಗಿ ಇರೋದು ಇದೇ. ಹಿಮ್ಮಡಿ ತುಂಡನ್ನ ಹಿಂದೆ ಮುಂದೆ ಸರಿಸಿ ಯಾರ ಕಾಲಿಗಾದ್ರೂ ಕೂರಿಸಬಹುದು. ಹಿಗ್ಗುತ್ತೆ, ಬಿಡುತ್ತೆ, ಕಲಿಯೋಕೆ ಸಾಕು. ಇದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳೋ ಅಗತ್ಯ ಇಲ್ಲ.

ಎರಡನೇದು ಲೇಸ್ ಇರೋ ಮೆತ್ತನೆ ಬೂಟು. ಒಳಗೆ ಫೋಮ್, ಹೊರಗೆ ಮೆತ್ತಗಿನ ಹೊದಿಕೆ. ಸ್ಲಾಲಂ ಸ್ಕೀಯಲ್ಲಿ ಇದನ್ನ ಎರಡು ಥರ ಬಳಸ್ತಾರೆ. ಎರಡು ಕಾಲಿಗೂ ಬೂಟು ಹಾಕೋದು ಒಂದು. ಮುಂದಿನ ಕಾಲಿಗೆ ಬೂಟು, ಹಿಂದಿನ ಕಾಲಿಗೆ ಬರೀ ಬೆರಳು ತೂರಿಸೋ ಪಟ್ಟಿ ಇನ್ನೊಂದು. ಈ ಪಟ್ಟಿಯನ್ನ ಇಲ್ಲಿ ಆರ್‌ಟಿಪಿ ಅಂತಾರೆ. ನೀರಿಂದ ಏಳುವಾಗ ಹಿಂದಿನ ಕಾಲು ಹೊರಗಿಟ್ಟು ಆಮೇಲೆ ತೂರಿಸಬಹುದು, ಹೊಸಬರಿಗೆ ಅನುಕೂಲ. ಬಿದ್ದರೆ ಹಿಂದಿನ ಕಾಲು ತಕ್ಷಣ ಬರುತ್ತೆ. ಹಾಗಿದ್ರೆ ಮುಂದಿನದೂ ಅಷ್ಟೇ ಬೇಗ ಬರಬೇಕು ಅನ್ನೋ ಷರತ್ತು ತಾನಾಗೇ ಬಂತು. ಹಿಂದೆ ಪಟ್ಟಿ ಹಾಕಿ ಮುಂದಿನ ಬೂಟಿನ ಲೇಸು ಬಿಗಿದು ಕಟ್ಟಿದರೆ ಪಕ್ಕದ ಮನೆ ಹಿರಿಯರ ಕಥೆಯೇ. ಲೇಸಿನ ಬೂಟಿಗೆ ಯಾವ ಸ್ಪ್ರಿಂಗೂ ಇಲ್ಲ, ಅದು ಬಿಡೋದು ಹಿಗ್ಗೋದರಿಂದ ಮಾತ್ರ. ಎಷ್ಟು ಬಿಗಿದಿರಿ ಅನ್ನೋದೇ ಅದರ ಸೆಟ್ಟಿಂಗ್.

ಮೂರನೇದು ಗಟ್ಟಿ ಚಿಪ್ಪಿನ ಬೂಟು, ಹಾರ್ಡ್‌ಶೆಲ್. ಇಲ್ಲಿ ಪಾದ ಬೂಟಿನೊಳಗೇ ಇರುತ್ತೆ, ಬೂಟೇ ಸ್ಕೀಯಿಂದ ಕಳಚಿಕೊಳ್ಳಬೇಕು. ಹಾಗಾಗಿ ಪೂರ್ತಿ ಭರವಸೆ ಕಳಚೋ ಯಂತ್ರದ ಮೇಲೆ. ರಿಫ್ಲೆಕ್ಸ್ ಥರದವುಗಳಲ್ಲಿ ಬೂಟಿನ ಮುಂಭಾಗ ಒಂದು ಕೊಂಡಿಗೆ ಸಿಕ್ಕಿಕೊಂಡು, ಹಿಮ್ಮಡಿ ಕಡೆ ಸ್ಪ್ರಿಂಗ್ ಇರೋ ಯಂತ್ರ ಹಿಡಿದಿರುತ್ತೆ. ಸ್ಕ್ರೂ ತಿರುಗಿಸಿ ಬಲ ಹೆಚ್ಚು ಕಡಿಮೆ ಮಾಡಬಹುದು. ಇದು ಎಲ್ಲಕ್ಕಿಂತ ಚೆನ್ನಾಗಿ ಬಿಡೋದು ಹಿಮ್ಮಡಿ ಮೇಲೆದ್ದಾಗ, ಅಂದರೆ ಮುಂದಕ್ಕೆ ಹಾರೋ ಬೀಳುವಿಕೆಯಲ್ಲಿ. ಪಕ್ಕಕ್ಕೆ ತಿರುಚಿ ಬಿದ್ದಾಗಲೂ ಅಷ್ಟೇ ಸಲೀಸಾಗಿ ಬಿಡುತ್ತೆ ಅಂದುಕೊಳ್ಳಬೇಡಿ. ತುಂಬ ಜನ ಇದರ ಜೊತೆ ಹಿಂದೆ ಬೆರಳಪಟ್ಟಿ ಹಾಕ್ತಾರೆ, ಯಂತ್ರ ಒಂದು ಕಾಲನ್ನ ಬಿಟ್ಟರೆ ಇನ್ನೊಂದು ತಾನೇ ಜಾರುತ್ತೆ. ನನ್ನ ಮಟ್ಟಿಗೆ ಇದು ಬುದ್ಧಿವಂತ ಜೋಡಿ.

ಇನ್ನೊಂದು ದಾರಿ ನನಗೆ ಎಂಜಿನಿಯರ್ ಆಗಿ ಬಹಳ ಇಷ್ಟವಾದದ್ದು. ಗುಡ್ ಅನ್ನೋ ಕಂಪನಿಯ ಹಾರ್ಡ್‌ಶೆಲ್‌ಗಳಲ್ಲಿ ಎರಡೂ ಬೂಟು ಒಂದೇ ಪ್ಲೇಟಿನ ಮೇಲೆ ಕೂತಿರುತ್ತವೆ. ಆ ಪ್ಲೇಟು ಸ್ಕೀಗೆ ಅಂಟಿಕೊಳ್ಳೋದು ಡ್ಯುಯಲ್ ಲಾಕ್ ಅನ್ನೋ ಪಟ್ಟಿಗಳಿಂದ. ವೆಲ್ಕ್ರೋದ ದೊಡ್ಡಪ್ಪ ಅನ್ನಿ. ಹತ್ತಿರದಿಂದ ನೋಡಿದರೆ ಸಾವಿರಾರು ಪುಟಾಣಿ ಪ್ಲಾಸ್ಟಿಕ್ ಅಣಬೆಗಳು. ಎರಡು ಕಡೆಯ ಅಣಬೆಗಳ ತಲೆ ಒಂದರೊಳಗೊಂದು ಸಿಕ್ಕಿಕೊಂಡು ಟಕಟಕ ಅಂತ ಸದ್ದು ಮಾಡುತ್ತೆ. ಸಾಕಷ್ಟು ಬಲ ಬಂದಾಗ ಪ್ಲೇಟು ಪೂರ್ತಿ ಕಿತ್ತು ಬರುತ್ತೆ, ಎರಡೂ ಕಾಲು ಒಟ್ಟಿಗೆ. ಮೊದಲ ಸಲ ಕೇಳಿದಾಗ 'ಬಿದ್ದಮೇಲೂ ಎರಡು ಕಾಲು ಒಂದೇ ಹಲಗೆಗೆ ಕಟ್ಟಿರುತ್ತಾ?' ಅಂತ ಗಾಬರಿ ಆಗುತ್ತೆ. ಆದರೆ ಯೋಚಿಸಿ, 'ಒಂದು ಬಂತು, ಇನ್ನೊಂದು ಬರಲಿಲ್ಲ' ಅನ್ನೋ ಸಾಧ್ಯತೆಯನ್ನೇ ಡಿಸೈನ್‌ನಿಂದ ತೆಗೆದುಹಾಕಿದ್ದಾರೆ.

ಇದರ ತೊಂದರೆ ನಿರ್ವಹಣೆಯದ್ದು. ಎಷ್ಟು ಹಿಡಿಯುತ್ತೆ ಅನ್ನೋದು ಎಷ್ಟು ಅಗಲದ ಪಟ್ಟಿ ಅಂಟಿಸಿದ್ದೀರಿ ಅನ್ನೋದರ ಮೇಲೆ ನಿಂತಿದೆ, ತಿರುಗಿಸೋಕೆ ಸ್ಕ್ರೂ ಇಲ್ಲ. ಬಳಸಿ ಬಳಸಿ ಅಣಬೆ ತಲೆ ಸವೆಯುತ್ತೆ, ಹಿಡಿತ ಇಳಿಯುತ್ತೆ. ದಡದ ಮರಳು ಸಿಕ್ಕಿದರೆ ಸರಿಯಾಗಿ ಕೂರಲ್ಲ. ತೂಕ ಕಡಿಮೆ ಇರೋರು ಪಟ್ಟಿಯನ್ನ ಕತ್ತರಿಸಿ ಕಡಿಮೆ ಮಾಡಿಕೊಳ್ಳಬೇಕಾಗುತ್ತೆ, ಅದು ಅನುಭವಸ್ಥರು ಪಕ್ಕದಲ್ಲಿದ್ದು ಮಾಡಿಸಬೇಕಾದ ಕೆಲಸ. ಯೂಟ್ಯೂಬ್ ನೋಡಿ ಭಾನುವಾರ ಬೆಳಗ್ಗೆ ಮಾಡೋದಲ್ಲ.

ಇಷ್ಟು ನೋಡಿದ ಮೇಲೂ ಹಾರ್ಡ್‌ಶೆಲ್‌ನಲ್ಲಿ ಒಂದು ಜೋಡಣೆಯನ್ನ ನಾನು ಯಾರಿಗೂ ಹೇಳಲ್ಲ: ಎರಡು ಕಾಲಿಗೂ ಬೇರೆ ಬೇರೆ ಹಾರ್ಡ್‌ಶೆಲ್, ಎರಡಕ್ಕೂ ಬೇರೆ ಬೇರೆ ರಿಲೀಸ್. ಹಿಮದಲ್ಲಿ ಒಂದೊಂದು ಕಾಲಿಗೆ ಒಂದೊಂದು ಸ್ಕೀ, ಅಲ್ಲಿ ಒಂದು ಬಿಟ್ಟರೆ ಇನ್ನೊಂದು ಕಾಲಿನ ಮೇಲೆ ಇದರ ಭಾರ ಬೀಳಲ್ಲ. ಇಲ್ಲಿ ಒಂದೇ ಸ್ಕೀ. ಎರಡು ಯಂತ್ರ ಒಂದೇ ಕ್ಷಣಕ್ಕೆ ಒಪ್ಪಬೇಕು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದ ಯಾರೂ ಇದರ ಮೇಲೆ ತಮ್ಮ ಮೊಣಕಾಲು ಪಣ ಇಡಲಾರರು.

ತಮ್ಮನ ವಿಷಯಕ್ಕೆ ಬರೋಣ. ಅವನಿಗೆ ಹಾರ್ಡ್‌ಶೆಲ್ಲೇ ಬೇಕಿತ್ತು. 'ಕ್ಲಿಕ್' ಅನ್ನೋ ಸದ್ದಿಗೆ ಮರುಳಾಗಿದ್ದ ಅಂತ ನನ್ನ ಅನುಮಾನ. ನನ್ನ ವಾದ ಇಷ್ಟೇ ಇತ್ತು: ಹಾರ್ಡ್‌ಶೆಲ್ ಸೆಟ್ಟಿಂಗ್ ಮಾಡಬೇಕಾದ್ರೆ ನೀನು ಹೇಗೆ ಬೀಳ್ತೀಯ ಅಂತ ಗೊತ್ತಿರಬೇಕು, ನೀನಿನ್ನೂ ಒಂಟಿ ಸ್ಕೀಯಿಂದ ಒಂದು ಸಲವೂ ಬಿದ್ದಿಲ್ಲ. ಹೊಸಬರು ಬೀಳೋದು ಹತ್ತು ದಿಕ್ಕಿಗೆ, ನಿಧಾನದ ವೇಗದಲ್ಲಿ. ಮುಂದಕ್ಕೆ ಹಾರೋದಕ್ಕೆ ಚೆನ್ನಾಗಿ ಕೆಲಸ ಮಾಡೋ ಯಂತ್ರ ಪಕ್ಕಕ್ಕೆ ಮಗುಚಿದಾಗ ಸುಮ್ಮನೆ ಇರಬಹುದು. ಮೆತ್ತನೆ ಬೂಟು ಯಾವ ದಿಕ್ಕಿಗಾದ್ರೂ ಒಂದಿಷ್ಟು ಹಿಗ್ಗುತ್ತೆ.

ಈ ಚರ್ಚೆಯ ನಡುವೆ ಹಾಸನದಿಂದ ಅಮ್ಮನ ವಿಡಿಯೋ ಕಾಲ್. ಪೂರ್ತಿ ಕೇಳಿಸಿಕೊಂಡು, "ಕಾಲು ಮುರ್ಕೊಂಡು ಕೂತ್ರೆ ನೋಡ್ಕೊಳ್ಳೋಕೆ ಅಲ್ಲಿ ಯಾರೋ ಇದ್ದಾರೆ? ನಿಮ್ಮಣ್ಣ ಆಫೀಸಿಗೆ ಹೋಗ್ತಾನಾ, ನಿಂಗೆ ಗಂಜಿ ಮಾಡಿ ಕೊಡ್ತಾನಾ?" ಅಂದರು. ಅದರಲ್ಲಿ ಅಮೆರಿಕದ ಇನ್ಶೂರೆನ್ಸ್ ಕೊಡೋಕೆ ಶುರುಮಾಡೋದಕ್ಕೆ ಮೊದಲು ನಾವು ಕೈಯಿಂದ ಕಟ್ಟಬೇಕಾದ ಡಿಡಕ್ಟಿಬಲ್ ಲೆಕ್ಕ ಇರಲಿಲ್ಲ, ಅದನ್ನ ನಾನು ಸೇರಿಸಿದೆ. ಸ್ಟೂಡೆಂಟ್ ವೀಸಾದಲ್ಲಿ ಒಂದು ಸೆಮಿಸ್ಟರ್ ಮಂಚ ಹಿಡಿದ್ರೆ ಏನೇನು ಕಾಗದಪತ್ರ ಓಡಾಡಬೇಕು ಅನ್ನೋದನ್ನ ಅವನೇ ಹೇಳಿಕೊಂಡು ಸುಮ್ಮನಾದ. ಮುಂದಿನ ಕಾಲಿಗೆ ಮೆತ್ತನೆ ಲೇಸ್ ಬೂಟು, ಹಿಂದೆ ಬೆರಳಪಟ್ಟಿ, ಅಗಲದ ಸ್ಕೀ ಅಂತ ತೀರ್ಮಾನ ಆಯ್ತು.

ಬೂಟಿನ ಸೈಜ್ ನೋಡುವಾಗ ಕಾಲು ಒದ್ದೆ ಮಾಡಿಕೊಂಡು ಹಾಕಿ ನೋಡಿ, ಒಣ ಕಾಲಿಗೆ ಎಲ್ಲ ಬೂಟೂ ಬಿಗಿ ಅನ್ನಿಸುತ್ತೆ. ಲೇಸ್ ಕಟ್ಟಿದ ಮೇಲೆ ಪಾದ ಒಳಗೆ ಆಡಬಾರದು, ಆದರೆ ಇನ್ನೊಬ್ಬರು ಸ್ಕೀಯನ್ನ ನೆಲಕ್ಕೆ ಒತ್ತಿ ಹಿಡಿದಾಗ ನೀವೇ ಹಿಮ್ಮಡಿ ಎತ್ತಿ, ಸ್ವಲ್ಪ ಕಷ್ಟಪಟ್ಟು, ಕಾಲನ್ನ ಹೊರಗೆ ಎಳೆಯೋಕೆ ಆಗಬೇಕು. ಹುಲ್ಲಿನ ಮೇಲೆ ಮಾಡೋ ಈ ಪರೀಕ್ಷೆ ನೀರಲ್ಲಿ ಬೀಳೋದಕ್ಕೆ ಸಮ ಅಲ್ಲ. ಆದರೆ ಇದರಲ್ಲೇ ಫೇಲಾದ ಬೂಟು ನೀರಲ್ಲಿ ಪಾಸಾಗೋದು ಸುಳ್ಳು. ಕಾಲು ತೂರಿಸೋಕೆ ಕಷ್ಟ ಆದರೆ ಬೈಂಡಿಂಗ್‌ಗೆ ಅಂತಲೇ ಸಿಗೋ ಜಾರುನೀರು ಹಚ್ಚಿ. ವ್ಯಾಸಲೀನ್, ಎಣ್ಣೆ ಬೇಡ, ರಬ್ಬರ್ ಹಾಳಾಗುತ್ತೆ.

ಸೆಕೆಂಡ್‌ಹ್ಯಾಂಡ್ ತಗೊಳ್ಳೋರಿಗೆ ಇನ್ನೊಂದು ಮಾತು. ರಬ್ಬರ್ ಬಗ್ಗಿಸಿದಾಗ ಬಿರುಕು ಕಾಣುತ್ತಾ ನೋಡಿ. ಪ್ಲೇಟಿನ ಸ್ಕ್ರೂಗಳು ಅಲ್ಲಾಡುತ್ತವಾ ನೋಡಿ. ಸ್ಪ್ರಿಂಗ್ ಯಂತ್ರ ಇದ್ದರೆ ತುಕ್ಕು, ಮರಳು ಹುಡುಕಿ, ಹತ್ತು ಸಲ ಹಾಕಿ ತೆಗೆದು ಹತ್ತು ಸಲವೂ ಒಂದೇ ಬಲಕ್ಕೆ ಬಿಡುತ್ತಾ ಗಮನಿಸಿ. ಮಾರೋರು "ನಂಗೆ ಯಾವತ್ತೂ ಬಿಟ್ಟೇ ಇಲ್ಲ, ಅಷ್ಟು ಸ್ಟ್ರಾಂಗ್" ಅಂತ ಹೊಗಳಿದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ರಜೆಗೆ ಹೋಗಿ ಅರ್ಧ ಗಂಟೆ ಬಾಡಿಗೆಗೆ ಹತ್ತೋರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಎರಡು ಸ್ಕೀ ಕೇಳಿ, ಎರಡೂ ಕಾಲಿಗೂ ಹಿಮ್ಮಡಿ ತುಂಡನ್ನ ಒಂದೇ ಬಿಗಿಗೆ ಸರಿಸಿಕೊಡಿ ಅನ್ನಿ. ನಿಮಗಿಂತ ಮೊದಲು ಹೋದವರ ಕಾಲು ನಿಮ್ಮಷ್ಟೇ ದೊಡ್ಡದಿತ್ತು ಅನ್ನೋಕೆ ಕಾರಣ ಇಲ್ಲ.

ತಮ್ಮ ಜೂನ್‌ನಲ್ಲಿ ಶುರು ಮಾಡಿದ. ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಅವನನ್ನ ನೋಡ್ತಿರೋ ಕೆಲಸ ನನ್ನದು, ಹಾಗಾಗಿ ಫೋನಲ್ಲಿ ಒಂದು ಶೀಟ್ ಮಾಡಿಕೊಂಡೆ: ಎಷ್ಟು ವೇಗ, ಯಾವ ಕಡೆ ಬಿದ್ದ, ಯಾವ ಕಾಲು ಹೊರಗೆ ಬಂತು. ಆಗಸ್ಟ್ ಕೊನೆಗೆ 31 ಸಾಲು ಆಯ್ತು. 19 ಸಲ ಎರಡೂ ಕಾಲು ಹೊರಗೆ. 9 ಸಲ ಎರಡೂ ಒಳಗೇ, ಅವೆಲ್ಲ ಹಗ್ಗ ಬಿಟ್ಟು ಮೆಲ್ಲಗೆ ಮುಳುಗಿದಂಥವು. ಉಳಿದ 3 ಸಲ ಹಿಂದಿನದು ಬಂದು ಮುಂದಿನದು ಉಳಿದಿತ್ತು. ಒಂದರಲ್ಲಿ ಕಣಕಾಲು ಊದಿಕೊಂಡು ನಾಲ್ಕು ದಿನ ಐಸ್ ಇಟ್ಟುಕೊಂಡು ಕೂತ. ಆ ಮೂರೂ ಸಾಲುಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ ಮೂರೂ ಬೆಳಗಿನ ಮೊದಲ ರೌಂಡಿನವು. ಆಗಿನ್ನೂ ಒಣಗಿರೋ ಲೇಸು ಎಷ್ಟು ಎಳೆದರೂ ಸಾಕು ಅನ್ನಿಸ್ತಿರಲಿಲ್ಲವಂತೆ ಅವನಿಗೆ.

ಈಗ ಲೇಸಿನ ಮೇಲೆ ನೀಲಿ ಮಾರ್ಕರ್‌ನಲ್ಲಿ ಒಂದು ಗೆರೆ ಇದೆ. ಲಾಕ್ ಆ ಗೆರೆ ಮುಟ್ಟಿದ ಮೇಲೆ ಎಳೆಯೋ ಹಾಗಿಲ್ಲ, ಪಕ್ಕದ ಮನೆಯ ಹಿರಿಯರು ಗೆರೆ ನೋಡದೆ ಬೋಟ್ ಸ್ಟಾರ್ಟ್ ಮಾಡಲ್ಲ. ಹಾರ್ಡ್‌ಶೆಲ್ ಬಗ್ಗೆ ಮುಂದಿನ ಏಪ್ರಿಲ್‌ನಲ್ಲಿ ಮಾತಾಡೋಣ ಅಂದಿದ್ದೀನಿ. ಶೀಟಿನ ಲಿಂಕ್ ಅವನ ಹತ್ತಿರವೂ ಇದೆ.